ಕೊಯ್ದ ಮರ ಬಣ್ಣ ಬದಲಿಸುವುದೇಕೆ?

ಹೊಲದ ಬದುವಿನಲ್ಲಿ ಬಿದ್ದ ಹಳೆಯ ಹುಣಸೆಮರವನ್ನು ಸಾಮಿಲ್ಲಿಗೆ ತಂದು ಸೀಳಿಸಿದವರು ಮೊದಲ ಹಲಗೆ ಕಂಡೊಡನೆ ಗಾಬರಿಯಾಗುವುದುಂಟು. ಹೊರಗೆಲ್ಲ ತಿಳಿಹಳದಿ, ನಟ್ಟನಡುವೆ ಕಡುನೇರಳೆ. ಆ ನೇರಳೆಯೂ ದುಂಡಗಿರುವುದಿಲ್ಲ. ಅಂಚು ಅಂಕುಡೊಂಕು, ಅಲ್ಲಲ್ಲಿ ಹೊರಕ್ಕೆ ಚಾಚಿಕೊಂಡ ಮೊನೆಗಳು. ಒಳಗೆ ಕೊಳೆತಿದೆಯೆಂದು ತಿಳಿದು ಸೌದೆಗೆ ಹಾಕಿಬಿಟ್ಟರೆ ದೊಡ್ಡ ನಷ್ಟ. ಹುಣಸೆಯಲ್ಲಿ ಅದಕ್ಕಿಂತ ಗಟ್ಟಿಯಾದ ಭಾಗ ಬೇರೆ ಇಲ್ಲ. ಅದೇ ಅದರ ಚೇಗು.

ಈಗ ಆಂಧ್ರದ ಕರ್ನೂಲು ಜಿಲ್ಲೆಯಲ್ಲಿರುವ ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ರಾಜ್ಯದ ಗಡಿ ಬದಲಾದರೂ ಹೊಲದ ಮರಗಳು ಎರಡೂ ಕಡೆ ಇಂದಿಗೂ ಅವೇ: ಬೇವು, ಹುಣಸೆ, ಕರಿಜಾಲಿ, ಬಾಗೆ, ಎಲ್ಲೆಂದರಲ್ಲಿ ಬಳ್ಳಾರಿ ಜಾಲಿ. ಹಳೆಯ ಕರ್ನೂಲು ಜಿಲ್ಲೆಗೆ ಕಾಡಿನ ಮರ ಕೊಡುತ್ತಿದ್ದ ನಲ್ಲಮಲ ಬೆಟ್ಟಸಾಲು 2022ರಲ್ಲಿ ನಂದ್ಯಾಲ ಜಿಲ್ಲೆಯ ಪಾಲಾಯಿತು. ಪಶ್ಚಿಮದ ಈ ಎರೆಭೂಮಿಯಲ್ಲಿ ಬಡಗಿಯ ಕೈಗೆ ಹೆಚ್ಚಾಗಿ ಸಿಗುವುದು ಬದುವಿನ ಮರ, ಊರ ಬೀದಿಯ ಮರ. ಅವುಗಳ ಬಣ್ಣ ಓದಲು ಕಲಿತರೆ ಹಣವೂ ಉಳಿಯುತ್ತದೆ, ಮರವೂ ಉಳಿಯುತ್ತದೆ.

ತೊಗಟೆಯ ಒಳಗಿನ ತಿಳಿಬಣ್ಣದ ಹೊರಮರ ಬೇರಿನಿಂದ ಎಲೆಗೆ ನೀರು ಸಾಗಿಸುವ ಭಾಗ. ಅದರಲ್ಲಿ ಪಿಷ್ಟ, ಸಕ್ಕರೆ ತುಂಬಿರುತ್ತವೆ. ಕುಟ್ಟೆಹುಳು ಮೊದಲು ಅಲ್ಲಿಗೇ ಬೀಳುವುದು ಅದಕ್ಕಾಗಿ. ಮರಕ್ಕೆ ವಯಸ್ಸಾದಂತೆ ಒಳಭಾಗದ ಜೀವಕೋಶಗಳು ಸಾಯುತ್ತ ಬರುತ್ತವೆ. ಸಾಯುವ ಮೊದಲು ಅವು ತಮ್ಮಲ್ಲಿದ್ದ ಆಹಾರವನ್ನು ಒಗರು, ರಾಳ, ಬಣ್ಣದ ವಸ್ತುಗಳಾಗಿ ಮಾರ್ಪಡಿಸಿ ಸುತ್ತಲ ನಾರಿನೊಳಗೆ ಇಳಿಸುತ್ತವೆ. ಇವೇ ಗೆದ್ದಲನ್ನೂ ಬೂಷ್ಟನ್ನೂ ತಡೆಯುವ ವಸ್ತುಗಳು. ಒಂದೇ ಮರದಲ್ಲಿ ಬಣ್ಣ ಕಡುವಾದ ಕಡೆ ಬಾಳಿಕೆಯೂ ಹೆಚ್ಚು ಎಂದು ಹಳೆಯ ಬಡಗಿಗಳು ಹೇಳುವ ಮಾತಿಗೆ ಆಧಾರ ಇಲ್ಲಿದೆ. ಬಣ್ಣದ ಚೇಗು ಕಟ್ಟದ ಮರಗಳೂ ಇವೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರ ಒಳಗೂ ಹೊರಗೂ ಬಿಳಿ. ಮೇಲಿನ ಅರಗಿನ ಬಣ್ಣ ಅಷ್ಟು ಚೊಕ್ಕವಾಗಿ ಕಾಣಲು ಅದೂ ಒಂದು ಕಾರಣ.

ಗರಗಸ ಹಾಯ್ದ ಕ್ಷಣದಲ್ಲಿ ಕಾಣುವ ಬಣ್ಣ ಮಾತ್ರ ಕೊನೆಯ ಬಣ್ಣವಲ್ಲ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ ಮರದೊಳಗಿನ ಒಗರು ವಸ್ತುಗಳೂ ಆಮ್ಲಜನಕ ಸೋಕಿದೊಡನೆ ಬದಲಾಗತೊಡಗುತ್ತವೆ. ಬೇವಿನ ಚೇಗು ಕೊಯ್ದಾಗ ಕೆಂಪು, ಆಮೇಲೆ ಕೆಂಗಂದು. ಕರಿಜಾಲಿ ಮೊದಲು ನಸುಗುಲಾಬಿ, ದಿನ ಕಳೆದಂತೆ ಕಡುಗೆಂಪು ಮಿಶ್ರಿತ ಕಂದು. ತೇಗದ್ದು ಇನ್ನೂ ವಿಚಿತ್ರ: ಹೊಸ ಹಲಗೆಯಲ್ಲಿ ಹಸಿರು ಛಾಯೆ, ಮಾಸಲು ಪಟ್ಟೆ, ಮಚ್ಚೆ. ಅದನ್ನು ಕಂಡು ಕಲಬೆರಕೆ ಮರ ಕೊಟ್ಟರೆಂದು ಜಗಳಕ್ಕೆ ನಿಲ್ಲಬೇಡಿ. ಕೆಲವು ದಿನ ಬೆಳಕಿಗಿಟ್ಟರೆ ಪಟ್ಟೆಗಳು ಬಹುಮಟ್ಟಿಗೆ ಒಂದಾಗಿ ಹೊಂಬಣ್ಣಕ್ಕೆ ತಿರುಗುತ್ತವೆ. ದಕ್ಷಿಣ ಅಮೆರಿಕದ ಪರ್ಪಲ್‌ಹಾರ್ಟ್ ಎಂಬ ಮರದ್ದು ಇದಕ್ಕೆ ತಿರುಗುಮುರುಗು. ಕೊಯ್ದಾಗ ಮಂಕು ಕಂದು. ಗಾಳಿ ಬೆಳಕು ಸೋಕಿದ ಮೇಲೆಯೇ ಢಾಳಾದ ನೇರಳೆ.

ನೇರಳೆ, ಹಳದಿ, ಗುಲಾಬಿ ಮರದ ಸ್ವಂತ ಬಣ್ಣಗಳಾದರೆ, ನೀಲಿಗಪ್ಪು ಕಂಡಾಗ ಮಾತ್ರ ಎಚ್ಚರವಾಗಬೇಕು. ಅದು ಸಾಮಾನ್ಯವಾಗಿ ಹೊರಗಿನಿಂದ ಬಂದದ್ದು. ಕರಿಜಾಲಿಯಂತಹ ಒಗರು ಹೆಚ್ಚಿರುವ ಹಸಿಮರಕ್ಕೆ ಕಬ್ಬಿಣ ತಾಕಿದರೆ ಮಸಿಯಂತಹ ಕಲೆ ಏಳುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಕುಶಲಿಗಳು ಕಪ್ಪು ಬರೆಯುವುದೂ ಇದೇ ರಸಾಯನದಿಂದ. ಅಳಲೆಕಾಯಿ ರಸದಲ್ಲಿ ಅದ್ದಿದ ಬಟ್ಟೆಯ ಮೇಲೆ, ಬೆಲ್ಲದ ನೀರಿನಲ್ಲಿ ತುಕ್ಕುಕಬ್ಬಿಣ ನೆನೆಸಿ ಹುಳಿಬರಿಸಿದ ದ್ರವ ತಾಗಿದರೆ ಅಚ್ಚಗಪ್ಪು ಮೂಡುತ್ತದೆ. ಸಾಮಿಲ್ಲಿನಲ್ಲಿ ಹಸಿ ಹಲಗೆಯ ಮೇಲೆ ಸರಪಳಿಯನ್ನೋ ಕಬ್ಬಿಣದ ತುಂಡನ್ನೋ ರಾತ್ರಿಯಿಡೀ ಬಿಟ್ಟರೆ ಆಗುವುದೂ ಅದೇ. ಮೇಲುಮೇಲಿನ ಕಲೆ ಹತ್ತರಿ ಹಾಕಿದರೆ ಹೋಗುತ್ತದೆ. ಉಳಿದದ್ದನ್ನು ಆಕ್ಸಾಲಿಕ್ ಆಮ್ಲದ ನೀರು ತೆಗೆಯುತ್ತದೆ. ಆ ಆಮ್ಲ ವಿಷ, ಆದ್ದರಿಂದ ಕೈಗವಸು ಹಾಕಿಕೊಂಡೇ ಬಳಸಬೇಕು.

ಈ ಕಲೆಯಿಂದ ಒಂದು ಉಪಕಾರವೂ ಇದೆ. ಬೀದಿಬದಿಯ ಬೇವು, ಹುಣಸೆಗೆ ಎಷ್ಟೋ ವರ್ಷ ಬೋರ್ಡು ಹೊಡೆದಿರುತ್ತಾರೆ, ಬದುವಿನ ಜಾಲಿಗೆ ಬೇಲಿಯ ತಂತಿ ಸುತ್ತಿರುತ್ತಾರೆ. ಮರ ಬೆಳೆದು ಆ ಕಬ್ಬಿಣವನ್ನು ಒಳಗೆ ನುಂಗಿಬಿಡುತ್ತದೆ. ದಿಮ್ಮಿಯ ತುದಿಯಲ್ಲಿ ಒಂದೇ ಕಡೆ ನೀಲಿಗಪ್ಪು ಗೆರೆ ಕಂಡರೆ ಒಳಗೆ ಮೊಳೆ ಇರಬಹುದೆಂದು ತಿಳಿದು ಗರಗಸ ನಿಲ್ಲಿಸಿ. ಬ್ಲೇಡು ತುಂಡಾಗಿ ಸಿಡಿದರೆ ಯಂತ್ರದ ಮುಂದೆ ನಿಂತವನ ಜೀವಕ್ಕೇ ಅಪಾಯ.

ಇನ್ನೊಂದು ನೀಲಿ ಬೂಷ್ಟಿನದು. ಮಳೆಗಾಲದಲ್ಲಿ ಕಡಿದ ಮಾವಿನ ದಿಮ್ಮಿಯನ್ನು ಕೊಯ್ಯಿಸದೆ ನೆಲಕ್ಕೆ ಬಿಟ್ಟರೆ ಹೊರಮರದ ಸಕ್ಕರೆ ತಿನ್ನಲು ಶಿಲೀಂಧ್ರ ಇಳಿಯುತ್ತದೆ, ಬೂದುನೀಲಿ ಪಟ್ಟೆಗಳು ಹರಡುತ್ತವೆ. ಇದರಿಂದ ಬಲ ಹೆಚ್ಚೇನೂ ಕುಂದುವುದಿಲ್ಲ. ಬಣ್ಣ ಹಚ್ಚುವ ಪೆಟ್ಟಿಗೆಗೆ, ಹಿಂಬದಿಯ ಹಲಗೆಗೆ ಧಾರಾಳವಾಗಿ ಬಳಸಬಹುದು. ಆದರೆ ಮರ ಬಹಳ ಹೊತ್ತು ಹಸಿಯಾಗಿತ್ತು ಎಂಬುದಕ್ಕೆ ಅದು ಸಾಕ್ಷಿ. ನಿಜವಾದ ಕೊಳೆತ ಹಿಂದೆಯೇ ಬಂದಿರಬಹುದು. ಉಗುರಿನಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿದರೆ, ಎಳೆ ಪುಡಿಯಾದರೆ ಬೇಡ. ತಡೆಯುವ ದಾರಿ ಸುಲಭ: ಕಡಿದ ಕೂಡಲೇ ಕೊಯ್ಯಿಸಿ, ಹಲಗೆಗಳ ನಡುವೆ ಗಾಳಿಯಾಡಲು ಪಟ್ಟಿಗಳನ್ನಿಟ್ಟು ನೆರಳಿನಲ್ಲಿ ಜೋಡಿಸುವುದು. ಆದೋನಿಯ ಏಪ್ರಿಲ್, ಮೇ ಬಿಸಿಲಿಗೆ ನೇರವಾಗಿ ಒಡ್ಡಿದರೆ ಬೂಷ್ಟು ಬರದು ನಿಜ, ಆದರೆ ತುದಿ ಸೀಳುತ್ತದೆ. ತುದಿಗೆ ಪೇಂಟು ಬಳಿದರೆ ಸೀಳು ಕಡಿಮೆಯಾಗುತ್ತದೆ.

ನಲ್ಲಮಲದ ಹೊನ್ನೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದರ ಚೇಗಿನ ಚಕ್ಕೆಗಳನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ ಹಳದಿಗಂದು ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊರಬಿಡುವ ಗುಣ ಅದು. ಮನೆಯ ಮಕ್ಕಳಿಗೆ ತೋರಿಸಬೇಕಾದ ಪ್ರಯೋಗ. ಅದರ ದಾಯಾದಿ ರಕ್ತಚಂದನದ ಕೆಂಪು ಸ್ಯಾಂಟಲಿನ್ ಎಂಬ ವಸ್ತುವಿನದು. ಅದು ಮದ್ಯಸಾರಕ್ಕೆ ಇಳಿಯುತ್ತದೆ, ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ಶೇಷಾಚಲ, ವೆಲಿಗೊಂಡ ಬೆಟ್ಟಗಳ ಈ ಮರ 1995ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕಾಗದಪತ್ರವಿಲ್ಲದೆ ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ.

ಮನೆಬಾಗಿಲಿಗೆ ಮರ ಆರಿಸುವಾಗ ಹತ್ತರಿ ಹಾಕಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ವಾರ್ನಿಶ್ ಹಚ್ಚಿದ ಮೇಲೆ ಮರ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಆದರೆ ವಾರ್ನಿಶ್ ಬೆಳಕನ್ನು ತಡೆಯದು. ಪಶ್ಚಿಮದ ಬಿಸಿಲು ಬೀಳುವ ಬಾಗಿಲು ಬೇಗ ಬಣ್ಣ ಕಳೆದುಕೊಳ್ಳುತ್ತದೆ. ಚೌಕಟ್ಟು ಕೂರಿಸುವಾಗ ಹಸಿ ಸುಣ್ಣ, ಸಿಮೆಂಟು ತಾಕಿದರೂ ಒಗರಿನ ಮರ ಕರೆಗಟ್ಟುತ್ತದೆ. ಮೊದಲೇ ಒಂದು ಕೈ ಪ್ರೈಮರ್ ಹೊಡೆಸಿ.

ಕೊನೆಯದಾಗಿ ನಮ್ಮೂರ ಬಳ್ಳಾರಿ ಜಾಲಿ. ಮದರಾಸು ಸರ್ಕಾರ 1877ರಲ್ಲಿ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಡಿಸಿದ ಈ ಮರ ಈಗ ಹಳ್ಳ, ಕೆರೆಯಂಗಳ, ಪಾಳುಹೊಲಗಳನ್ನೆಲ್ಲ ತುಂಬಿಕೊಂಡಿದೆ. ಇದನ್ನು ಕಡಿದು ಇದ್ದಿಲು ಸುಡುವುದೇ ರೂಢಿ. ಸೀಳಿ ನೋಡಿದರೆ ತೆಳುಹಳದಿ ಹೊರಮರದ ಒಳಗೆ ಹಳದಿಗಂದು ಚೇಗು, ದಿನಗಳೆದಂತೆ ಕೆಂಪು ಕಂದು. ಒಣಗುವಾಗ ಕುಗ್ಗುವುದು ಬಹಳ ಕಡಿಮೆ, ಚೇಗಿಗೆ ಗೆದ್ದಲು ಸುಲಭವಾಗಿ ಹತ್ತದು. ಸೊಟ್ಟ ಕಾಂಡದಿಂದ ಉದ್ದನೆಯ ತೊಲೆ ಸಿಗಲಾರದು, ಆದರೆ ಮಣೆ, ಪೀಠ, ಹಿಡಿಕೆ, ಸಣ್ಣ ಕಪಾಟಿನ ಬಾಗಿಲಿಗೆ ಸಾಕಷ್ಟು ಹಲಗೆ ಸಿಗುತ್ತದೆ. ಭಟ್ಟಿಗೆ ಹಾಕುವ ಮುಂಚೆ ತೊಡೆಗಾತ್ರಕ್ಕಿಂತ ದಪ್ಪವಿರುವ ಕಾಂಡಗಳನ್ನಾದರೂ ಬೇರೆ ತೆಗೆದಿಟ್ಟು ಕೊಯ್ಯಿಸಿ.