ವಿದ್ಯಾರ್ಥಿಗಳಿಗಾಗಿ: ಜಾವಾದಲ್ಲಿ ಓವರ್‌ರೈಡಿಂಗ್ ಮತ್ತು ಪ್ರೈವೇಟ್ ಮೆಥಡ್‌ನ ಗೊಂದಲ



ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಬಿಸಿಎ ಅಥವಾ ಡಿಪ್ಲೊಮಾ ಸೇರುವ ಮಕ್ಕಳು ನಮ್ಮ ಗಡಿ ಊರುಗಳಲ್ಲಿದ್ದಾರೆ. ಜಾವಾ ಕಲಿಯುವವರು ಸುಲಭವಾಗಿ ಎಡವುವ ಒಂದು ವಿಷಯವನ್ನು ಅವರಿಗಾಗಿ ಇಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇವೆ.

ಒಂದು ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟಿದಾಗ ಮೊದಲನೆಯದನ್ನು ಪೇರೆಂಟ್ ಎಂದೂ ಎರಡನೆಯದನ್ನು ಚೈಲ್ಡ್ ಎಂದೂ ಕರೆಯುತ್ತೇವೆ. ಪೇರೆಂಟ್‌ನ ಮೆಥಡ್‌ಗಳು ಚೈಲ್ಡ್‌ಗೆ ಬಳುವಳಿಯಾಗಿ ಬರುತ್ತವೆ. ಬಂದ ಮೆಥಡ್ ಅನ್ನು ಚೈಲ್ಡ್ ತನಗೆ ಬೇಕಾದಂತೆ ಮತ್ತೆ ಬರೆದರೆ ಅದು ಓವರ್‌ರೈಡ್. ಆದರೆ ಎಲ್ಲ ಮೆಥಡ್‌ಗಳೂ ಬಳುವಳಿಯಾಗಿ ಬರುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಒಂದು ಉದಾಹರಣೆ ನೋಡೋಣ. ‘ಖಾತೆ’ ಎಂಬ ಪೇರೆಂಟ್ ಕ್ಲಾಸ್ ಇದೆ. ಅದರಲ್ಲಿ ‘ಬಡ್ಡಿದರ’ ಎಂಬ ಪ್ರೈವೇಟ್ ಮೆಥಡ್ 3 ಎಂಬ ಉತ್ತರ ಕೊಡುತ್ತದೆ. ‘ಬಡ್ಡಿಲೆಕ್ಕ’ ಎಂಬ ಪಬ್ಲಿಕ್ ಮೆಥಡ್ ಆ ದರವನ್ನು ಕೇಳಿ ಪಡೆದು ಶೇಕಡಾ ಲೆಕ್ಕ ಹಾಕುತ್ತದೆ. ಈಗ ‘ಹಿರಿಯರ ಖಾತೆ’ ಎಂಬ ಚೈಲ್ಡ್ ಕ್ಲಾಸ್ ಬರೆದು, ಅದರಲ್ಲಿಯೂ ‘ಬಡ್ಡಿದರ’ ಎಂಬ ಮೆಥಡ್ ಇಟ್ಟು 4 ಎಂದು ಕೊಟ್ಟಿರಿ. ಹಿರಿಯರ ಖಾತೆಯಲ್ಲಿ 10,000 ರೂಪಾಯಿ ಇದ್ದರೆ ಬಡ್ಡಿ ಎಷ್ಟು ಬರುತ್ತದೆ?

400 ಬರಬೇಕೆಂದು ನಾವು ಎಣಿಸುತ್ತೇವೆ, ಬರುವುದು 300. ಕಂಪೈಲರ್ ಒಂದು ಮಾತೂ ಆಡುವುದಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. ಖಾತೆದಾರರಿಗೆ ಮಾತ್ರ ನೂರು ರೂಪಾಯಿ ಖೋತಾ.

ಕಾರಣ ಸರಳ. ಪ್ರೈವೇಟ್ ಮೆಥಡ್ ಆ ಕ್ಲಾಸ್‌ನ ಒಳಮನೆಯ ವಿಚಾರ; ಚೈಲ್ಡ್‌ಗೆ ಅದು ಬಳುವಳಿಯಾಗಿ ಬರುವುದೇ ಇಲ್ಲ. ಬಾರದ್ದನ್ನು ಓವರ್‌ರೈಡ್ ಮಾಡುವುದು ಹೇಗೆ? ಚೈಲ್ಡ್ ಬರೆದದ್ದು ಅದೇ ಹೆಸರಿನ ಬೇರೆಯೇ ಮೆಥಡ್. ಪೇರೆಂಟ್‌ನ ‘ಬಡ್ಡಿಲೆಕ್ಕ’ ತನ್ನ ಹಳೆಯ ‘ಬಡ್ಡಿದರ’ವನ್ನೇ ಕರೆಯುತ್ತದೆ. ಪೇರೆಂಟ್‌ನಲ್ಲಿ ಪ್ರೈವೇಟ್ ತೆಗೆದು ಪ್ರೊಟೆಕ್ಟೆಡ್ ಎಂದು ಬರೆದು, ಚೈಲ್ಡ್‌ನಲ್ಲಿಯೂ ಪ್ರೊಟೆಕ್ಟೆಡ್ ಎಂದೇ ಇಟ್ಟರೆ ಉತ್ತರ 400 ಆಗುತ್ತದೆ.

ಇಂಥ ತಪ್ಪನ್ನು ಮೊದಲೇ ಹಿಡಿಯಲು ಒಂದು ಉಪಾಯವಿದೆ. ಚೈಲ್ಡ್‌ನ ಮೆಥಡ್ ಮೇಲಿನ ಸಾಲಿನಲ್ಲಿ ‘@ಓವರ್‌ರೈಡ್’ ಎಂಬ ಗುರುತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಅದು ನಿಜವಾಗಿ ಓವರ್‌ರೈಡ್ ಆಗದಿದ್ದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. 2004ರ ಜಾವಾ 5ರಿಂದ ಈ ಸೌಲಭ್ಯವಿದೆ. ಕಡ್ಡಾಯವಲ್ಲ, ಆದರೆ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ನಿಯಮವೂ ಪರೀಕ್ಷೆಗೆ ಮುಖ್ಯ. ಓವರ್‌ರೈಡ್ ಮಾಡುವಾಗ ಚೈಲ್ಡ್ ಬಾಗಿಲನ್ನು ಇನ್ನಷ್ಟು ತೆರೆಯಬಹುದು, ಮುಚ್ಚುವಂತಿಲ್ಲ. ಪ್ರೊಟೆಕ್ಟೆಡ್ ಆಗಿದ್ದುದನ್ನು ಪಬ್ಲಿಕ್ ಮಾಡಬಹುದು. ಜಾವಾದ ಮೂಲ ಕ್ಲಾಸ್ ಆದ ‘ಆಬ್ಜೆಕ್ಟ್’ನಲ್ಲಿ ‘ಕ್ಲೋನ್’ ಮೆಥಡ್ ಪ್ರೊಟೆಕ್ಟೆಡ್. ‘ಅರೇಲಿಸ್ಟ್’ನಲ್ಲಿ ಅದು ಪಬ್ಲಿಕ್. ಆದರೆ ಪಬ್ಲಿಕ್ ಆಗಿದ್ದುದನ್ನು ಪ್ರೊಟೆಕ್ಟೆಡ್ ಅಥವಾ ಪ್ರೈವೇಟ್ ಮಾಡಿದರೆ ಕಂಪೈಲರ್ ಒಪ್ಪದು.

ಏಕೆಂದರೆ ಹಿರಿಯರ ಖಾತೆಯೂ ಒಂದು ಖಾತೆಯೇ. ಖಾತೆ ಎಲ್ಲಿ ಬೇಕೋ ಅಲ್ಲೆಲ್ಲ ಅದನ್ನು ಕೊಡಬಹುದು. ಎಲ್ಲ ಖಾತೆಗೂ ‘ಬಡ್ಡಿಲೆಕ್ಕ’ ಇದೆ ಎಂದು ನಂಬಿ ಬೇರೆಯವರು ಪ್ರೋಗ್ರಾಂ ಬರೆದಿರುತ್ತಾರೆ. ಪೇರೆಂಟ್ ಕೊಟ್ಟ ಮಾತನ್ನು ಚೈಲ್ಡ್ ಮುರಿಯಬಾರದು.

ಎಲ್ಲ ಭಾಷೆಗಳಲ್ಲೂ ಇದೇ ಕಟ್ಟುನಿಟ್ಟಿಲ್ಲ. ಸಿ++ನಲ್ಲಿ ಪಬ್ಲಿಕ್ ವರ್ಚುಯಲ್ ಮೆಥಡ್ ಅನ್ನು ಚೈಲ್ಡ್ ಪ್ರೈವೇಟ್ ಆಗಿ ಬರೆಯಬಹುದು. ಆಗ ಚೈಲ್ಡ್ ಮೂಲಕ ನೇರವಾಗಿ ಕರೆದರೆ ತಡೆ. ಪೇರೆಂಟ್ ಪಾಯಿಂಟರ್ ಮೂಲಕ ಕರೆದರೆ ಚೈಲ್ಡ್‌ನ ಮೆಥಡ್ಡೇ ನಡೆಯುತ್ತದೆ. ಎರಡೂ ಭಾಷೆ ಕಲಿಯುವವರು ಈ ವ್ಯತ್ಯಾಸ ನೆನಪಿಡಿ.

ಮನೆಯಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದರೆ ಇದನ್ನು ತೋರಿಸಿ. ಜಾವಾದಲ್ಲಿ ಕ್ಲಾಸ್, ಮೆಥಡ್‌ಗಳಿಗೆ ಕನ್ನಡ ಅಕ್ಷರದಲ್ಲೇ ಹೆಸರಿಡಲು ಅವಕಾಶವಿದೆ, ನಡುವೆ ಜಾಗ ಬಿಡಬಾರದು ಅಷ್ಟೇ. ಮೇಲಿನ ಖಾತೆಯ ಉದಾಹರಣೆಯನ್ನು ಅವರೇ ಬರೆದು, 300 ಬರುವುದನ್ನೂ 400 ಆಗುವುದನ್ನೂ ಕಣ್ಣಾರೆ ನೋಡಲಿ.