ಪಕ್ಕದಲ್ಲೇ ಸೋಲಾರ್ ಪಾರ್ಕ್, ಆದ್ರೂ ನಮ್ಮ ಅಂಗಡಿಗೆ ಕರೆಂಟ್ ಕಟ್ ಯಾಕೆ?

ಪಾವಗಡ: ಗಾಳಿ ಜೋರಾಗಿ ಬೀಸಿ ಕರೆಂಟ್ ಹೋದ್ರೆ ಸಾಕು, ಬಸ್ ಸ್ಟ್ಯಾಂಡ್ ಸುತ್ತ ಮುತ್ತಲ ಅಂಗಡಿಗಳಲ್ಲಿ ಒಂದೇ ಮಾತು. "ದೇಶಕ್ಕೆಲ್ಲಾ ಕರೆಂಟ್ ಕೊಡೋರು ನಾವು, ನಮಗೇ ಕತ್ತಲೆ." ಬೇಜಾರಲ್ಲಿ ಹೇಳೋ ಮಾತು ನಿಜ, ಆದ್ರೆ ಅದ್ರೊಳಗೆ ಒಂದು ಸರಿಯಾದ ಪ್ರಶ್ನೆನೂ ಇದೆ.

ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ ಪಾರ್ಕ್ ಇದೆ. 2018ರ ಮಾರ್ಚ್ ನಲ್ಲಿ ಉದ್ಘಾಟನೆ ಆಯ್ತು, 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಗೆ ಬಂತು. ಜಮೀನು ಮಾರಾಟ ಆಗಿಲ್ಲ, ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಜಮೀನಿದ್ದೋರಿಗೆ ಇದು ಬರಗಾಲದಲ್ಲೂ ಬರೋ ದುಡ್ಡು. ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದೋರಿಗೆ ಏನೂ ಬರಲಿಲ್ಲ, ಅದನ್ನ ಮರೆಯೋ ಹಾಗಿಲ್ಲ.

ಈಗ ಕರೆಂಟ್ ವಿಷಯಕ್ಕೆ ಬರೋಣ. ಪ್ಯಾನಲ್ ನಲ್ಲಿ ಹುಟ್ಟಿದ ಕರೆಂಟ್ ಪಾರ್ಕಿನೊಳಗಿನ ಸಬ್ ಸ್ಟೇಷನ್ ಗಳಲ್ಲಿ 220 ಕೆವಿಗೆ ಏರಿ, ಅಲ್ಲಿಂದ ಪವರ್ ಗ್ರಿಡ್ ನವರ 400 ಕೆವಿ ಸ್ಟೇಷನ್ ಗೆ ಹೋಗಿ, ದೊಡ್ಡ ಟವರ್ ಲೈನ್ ಹತ್ತಿ ಗ್ರಿಡ್ ಸೇರುತ್ತೆ. ನಮ್ಮ ಅಂಗಡಿಗೆ ಬರೋದು ಬೆಸ್ಕಾಂನ 11 ಕೆವಿ ಫೀಡರ್ ನಿಂದ, ಬೀದಿ ಮೂಲೆಯ ಟಿಸಿ ಮೂಲಕ. ಊರ ಪಕ್ಕದಲ್ಲೇ ರೈಲು ಹಳಿ ಇದ್ರೂ ಸ್ಟೇಷನ್ ಇಲ್ದಿದ್ರೆ ರೈಲು ನಿಲ್ಲಲ್ವಲ್ಲ, ಹಾಗೆ. ಕೊಂಬೆ ಬಿದ್ದು ವೈರ್ ತುಂಡಾದ್ರೆ, ಟಿಸಿ ಸುಟ್ರೆ, ಪಾರ್ಕಿನಲ್ಲಿ ಎಷ್ಟು ಕರೆಂಟ್ ಹುಟ್ತಿದ್ರೂ ನಮಗೆ ಕತ್ತಲೆನೇ. ಹಾಗಾಗಿ ದೂರು ಕೊಡಬೇಕಾದ್ದು ಫೀಡರ್ ಮತ್ತೆ ಟಿಸಿ ಬಗ್ಗೆ, ಪಾರ್ಕ್ ಬಗ್ಗೆ ಅಲ್ಲ.

ಇನ್ನು ಸಂಜೆ ಆರೂವರೆ ಆದ್ಮೇಲೆ ಪಾರ್ಕ್ ನಿಂದ ಏನೂ ಬರಲ್ಲ. ಅಂಗಡಿ ಲೈಟು, ಮನೆ ಟಿವಿ, ಮಿಕ್ಸಿ ಎಲ್ಲಾ ಶುರುವಾಗೋದೇ ಆ ಹೊತ್ತಿಗೆ. ಆಗ ಶರಾವತಿ ನೀರು, ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಕೈಗಾ ಅಣುಸ್ಥಾವರ ಇವೇ ಗತಿ.

"ಹಂಗಾದ್ರೆ ನನ್ನ ಅಂಗಡಿ ಮೇಲೇ ನಾಲ್ಕು ಪ್ಯಾನಲ್ ಹಾಕಿಸ್ತೀನಿ, ಕರೆಂಟ್ ಹೋದ್ರೂ ಚಿಂತೆ ಇಲ್ಲ" ಅನ್ನೋರು ಈಗ ಜಾಸ್ತಿ ಆಗಿದ್ದಾರೆ. ಇಲ್ಲೇ ಬಹಳ ಜನ ಎಡವೋದು. ಬ್ಯಾಟರಿ ಇಲ್ಲದ ಸಾಮಾನ್ಯ ರೂಫ್ ಟಾಪ್ ಸೋಲಾರ್, ಬೆಸ್ಕಾಂ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ. ಮಧ್ಯಾಹ್ನ 12 ಗಂಟೆ ಸುಡು ಬಿಸಿಲಲ್ಲೂ ಅಷ್ಟೇ! ಇದು ಮಷಿನ್ ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರ್ತಾರೆ. ಕಾರಣ ಇಷ್ಟೇ: ಲೈನ್ ಮನ್ ಕರೆಂಟ್ ಆಫ್ ಮಾಡಿ ಕಂಬ ಹತ್ತಿರ್ತಾನೆ. ಆ ಹೊತ್ತಲ್ಲಿ ನಿಮ್ಮ ಮಾಳಿಗೆಯ ಸೋಲಾರ್ ವಾಪಸ್ ಲೈನಿಗೆ ಕರೆಂಟ್ ಬಿಟ್ರೆ, ಅದು ಟಿಸಿಯಲ್ಲಿ ಉಲ್ಟಾ ಹೋಗಿ 11 ಕೆವಿ ಆಗುತ್ತೆ. ಮುಟ್ಟಿದೋನು ಉಳಿಯಲ್ಲ. ಅದಕ್ಕೇ ಇನ್ವರ್ಟರ್ ಮೊದ್ಲು ಲೈನ್ ಜೀವಂತ ಇದೆಯಾ ನೋಡುತ್ತೆ, ಇಲ್ಲಾಂದ್ರೆ ಕೆಲಸ ನಿಲ್ಲಿಸುತ್ತೆ. ಜನರೇಟರ್ ಇಟ್ಟಿರೋರೂ ಚೇಂಜ್ ಓವರ್ ಸ್ವಿಚ್ ಇಲ್ದೆ ಲೈನಿಗೆ ಕೊಡಬಾರದು ಅನ್ನೋದು ಇದೇ ಕಾರಣಕ್ಕೆ.

ಕಟ್ ಆದಾಗಲೂ ಫ್ರಿಡ್ಜ್ ಓಡಬೇಕು ಅಂದ್ರೆ ಹೈಬ್ರಿಡ್ ಇನ್ವರ್ಟರ್ ಜೊತೆ ಬ್ಯಾಟರಿ ಬೇಕು. ಖರ್ಚು ಏರುತ್ತೆ, ಬ್ಯಾಟರಿನ ಕೆಲವು ವರ್ಷಕ್ಕೊಮ್ಮೆ ಬದಲಾಯಿಸೋ ಖರ್ಚೂ ಇರುತ್ತೆ.

ಲೆಕ್ಕ ನೋಡಿ. 1 ಕಿಲೋವ್ಯಾಟ್ ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್ ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ ಹಾಕಿಸಿದ್ರೆ 78 ಸಾವಿರ ಸಬ್ಸಿಡಿ. ಆದ್ರೆ ಇದು ವಾಸದ ಮನೆಗೆ ಮಾತ್ರ. ಅಂಗಡಿ ಮೀಟರ್ ಗೆ ಇಲ್ಲ. ಮಜಾ ಏನಂದ್ರೆ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರೋ ಮನೆಗೆ ಸೋಲಾರ್ ಹಾಕಿಸಿ ಉಳಿಯೋದು ಕಮ್ಮಿ, ಗೃಹಜ್ಯೋತಿಯೂ ಇಲ್ಲದ, ಸಬ್ಸಿಡಿಯೂ ಇಲ್ಲದ ಅಂಗಡಿಯವನಿಗೇ ಹೆಚ್ಚು ಉಳಿಯೋದು. ಜೆರಾಕ್ಸ್, ಕೂಲ್ ಡ್ರಿಂಕ್ಸ್, ಹಿಟ್ಟಿನ ಮಿಲ್ ಇವೆಲ್ಲಾ ಹಗಲು ವ್ಯಾಪಾರ. ಬಿಸಿಲಿದ್ದಾಗಲೇ ಖರ್ಚು ಆಗೋದ್ರಿಂದ ಬಿಲ್ ನೇರ ಇಳಿಯುತ್ತೆ.

ಕೊನೆಗೆ ಟೀ ಅಂಗಡಿ ಪ್ರಶ್ನೆ: ಈ ಪ್ಯಾನಲ್ ಗಳಿಂದಲೇ ಮಳೆ ಹೋಯ್ತಾ? ಪಾವಗಡ ಬರದ ಪಟ್ಟಿಯಲ್ಲಿ ಇರೋದು ಇವತ್ತು ನಿನ್ನೆಯಿಂದಲ್ಲ, ಪ್ಯಾನಲ್ ಬರೋಕೆ ಎಷ್ಟೋ ದಶಕ ಮುಂಚಿಂದ. ಹಾಗಂತ ಪಾರ್ಕ್ ಒಳಗೆ ಸೆಕೆ ಅನ್ನೋರದ್ದು ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಲಾರ್ ಪ್ಲಾಂಟ್ ಜಾಗ ರಾತ್ರಿ ಹೊತ್ತು ಪಕ್ಕದ ಬಯಲಿಗಿಂತ 3ರಿಂದ 4 ಡಿಗ್ರಿ ಬಿಸಿ ಇದ್ದದ್ದು ಕಂಡಿತ್ತು. ಅದು ಪ್ಲಾಂಟ್ ಇರೋ ಜಾಗದ ಮಾತು. ಮುಂಗಾರು ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲಿಂದ ಬರೋದು.

"ಮತ್ತೆ ಸೋಲಾರ್ ಬಂದು ಇಷ್ಟು ವರ್ಷ ಆದ್ರೂ ಬಿಸಿಲು ಯಾಕೆ ಇಳಿದಿಲ್ಲ?" ಅಂತಾನೂ ಕೇಳ್ತಾರೆ. ಕಲ್ಲಿದ್ದಲಲ್ಲಿ ಒಂದು ಯೂನಿಟ್ ಮಾಡಿದ್ರೆ ಹೆಚ್ಚು ಕಮ್ಮಿ 1 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಅದು ರಾಯಚೂರಲ್ಲೇ ನಿಲ್ಲಲ್ಲ, ಇಡೀ ಭೂಮಿಗೆ ಹರಡಿ ನೂರಾರು ವರ್ಷ ಉಳಿಯುತ್ತೆ. ತಿರುಮಣಿಯಲ್ಲಿ ಉಳಿಸಿದ್ದರ ಲಾಭವೂ ಹಾಗೇ ಎಲ್ಲರಿಗೂ ಹಂಚಿಹೋಗುತ್ತೆ, ನಮ್ಮ ಊರಿಗೆ ಬೇರೆ ತಂಪು ಅಂತ ಬರಲ್ಲ.

ಅಂಗಡಿಗೆ ಹಾಕಿಸೋರು ಅಡ್ವಾನ್ಸ್ ಕೊಡೋ ಮುಂಚೆ ಏಜೆಂಟ್ ಹತ್ರ ಒಂದು ಮಾತು ಬರೆಸಿಕೊಳ್ಳಿ: ಲೈನ್ ಕರೆಂಟ್ ಹೋದಾಗ ಇದು ಓಡುತ್ತಾ ಇಲ್ವಾ, ಓಡಿದ್ರೆ ಎಷ್ಟು ಲೋಡು, ಎಷ್ಟು ಗಂಟೆ. ಜೊತೆಗೆ ಎರಡೂ ಕಡೆ ಲೆಕ್ಕ ತೋರಿಸೋ ಮೀಟರ್ ಗೆ ಅರ್ಜಿ ಯಾರು ಹಾಕ್ತಾರೆ ಅಂತಾನೂ ಕೇಳಿ.