ಎಂಟು ತಿಂಗಳ ಕರು ಯಾಕೆ ಉಸಿರಾಡಲಿಲ್ಲ?

ಹೋದ ಮಳೆಗಾಲದಲ್ಲಿ ಹಾರೋಹಳ್ಳಿ ಹತ್ತಿರದ ನಮ್ಮ ಕೊಟ್ಟಿಗೆಯಲ್ಲಿ ಎಚ್‌ಎಫ್ ಹಸು ದಿನ ತುಂಬೋಕೆ ಮುಂಚೆಯೇ ಕರು ಹಾಕಿತು. ಹೆಣ್ಣು ಕರು. ಗೊರಸು, ಕಿವಿ, ಕೂದಲು ಎಲ್ಲಾ ಸರಿಯಾಗೇ ಇತ್ತು. ಆದರೆ ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಸೇದಿಕೊಳ್ಳುತ್ತಿತ್ತು, ನರಳುತ್ತಿತ್ತು. "ನೀರು ಕುಡಿದುಬಿಟ್ಟಿದೆ, ತಲೆಕೆಳಗೆ ಹಿಡೀರಪ್ಪ" ಅಂದರು ಪಕ್ಕದ ಮನೆ ಅಣ್ಣ. ಹಿಂಗಾಲು ಹಿಡಿದು ನೇತಾಡಿಸಿದ್ವಿ. ಬಾಯಿಂದ ಲೋಳೆ ಸುರೀತು. ಮೂರು ಗಂಟೆಯಲ್ಲಿ ಕರು ಹೋಯ್ತು. ಡಾಕ್ಟ್ರು ಬಂದು ಸೆಮೆನ್ ಹಾಕಿಸಿದ ತಾರೀಖು ಕೇಳಿ, "ಈಗಿನ್ನೂ ಎಂಟು ತಿಂಗಳು, ಶ್ವಾಸಕೋಶ ಬಲಿತಿಲ್ಲ" ಅಂದರು. ಮೈಯೆಲ್ಲಾ ಬೆಳೆದ ಕರುವಿಗೆ ಅದೊಂದೇ ಯಾಕೆ ಬಲಿಯಲಿಲ್ಲ ಅನ್ನೋದು ನನ್ನ ತಲೆಯಲ್ಲಿ ಕೊರೀತಾನೇ ಇತ್ತು. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೀತಿದ್ದೇನೆ.

ಗಬ್ಬ ನಿಂತು ಒಂದು ತಿಂಗಳ ಆಸುಪಾಸಿನಲ್ಲಿ ಭ್ರೂಣದ ಅನ್ನನಾಳದ ಕಡೆಯಿಂದ ಒಂದು ಸಣ್ಣ ಮೊಗ್ಗು ಹೊರಡುತ್ತದೆ. ಶ್ವಾಸಕೋಶದ ಮೂಲ ಅದೇ. ಹಿಪ್ಪುನೇರಳೆ ಕಟಾವು ಮಾಡಿದ ಮೇಲೆ ಚಿಗುರು ಒಡೆದು ಕವಲು ಮೇಲೆ ಕವಲು ಬರುತ್ತಲ್ಲ, ಹಾಗೆ ಮೊಗ್ಗು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ದನಗಳಲ್ಲಿ ಬಲಗಡೆಯ ಮೇಲ್ಭಾಗಕ್ಕೆ ಒಂದು ಕವಲು ನೇರವಾಗಿ ಶ್ವಾಸನಾಳದಿಂದಲೇ ಬರುತ್ತದೆ, ಮನುಷ್ಯರಲ್ಲಿ ಸಾಮಾನ್ಯವಾಗಿ ಹಾಗಿರಲ್ಲ. ನಾಲ್ಕು ತಿಂಗಳ ಹೊತ್ತಿಗೆ ಕೊಳವೆಗಳು ಹೆಚ್ಚುಕಮ್ಮಿ ತಯಾರು. ಆದರೆ ಗಾಳಿ ರಕ್ತಕ್ಕೆ ಸೇರುವ ಜಾಗ ಇನ್ನೂ ಇಲ್ಲ. ಮುಂದಿನ ತಿಂಗಳುಗಳಲ್ಲಿ ರಕ್ತನಾಳಗಳು ಹತ್ತಿರ ಬಂದು, ಗೋಡೆಗಳು ತೆಳ್ಳಗಾಗಿ, ಕೊನೆಕೊನೆಗೆ ಸಣ್ಣ ಗಾಳಿಗೂಡುಗಳು ಮೂಡುತ್ತವೆ.

ಹೊಟ್ಟೆಯೊಳಗೆ ಕರುವಿಗೆ ಆಮ್ಲಜನಕ ಬರೋದು ಹೊಕ್ಕುಳಬಳ್ಳಿಯಿಂದ. ಶ್ವಾಸಕೋಶದ ತುಂಬಾ ನೀರಿರುತ್ತದೆ, ಅದನ್ನು ಶ್ವಾಸಕೋಶವೇ ಸುರಿಸುತ್ತದೆ. ಅದು ಬೆಳೆಯೋಕೂ ಆ ನೀರು ಬೇಕು.

ತೊಂದರೆ ಇರೋದು ಕೊನೇ ಹಂತದಲ್ಲಿ. ಒದ್ದೆ ಪ್ಲಾಸ್ಟಿಕ್ ಕವರ್‌ನ ಬಾಯಿ ಬಿಡಿಸೋಕೆ ಹೋಗಿ ನೋಡಿ, ಎರಡೂ ಪದರ ಕಚ್ಚಿಕೊಂಡಿರುತ್ತೆ. ಗಾಳಿಗೂಡುಗಳೂ ಹಾಗೇ ಅಂಟಿಕೊಳ್ಳುತ್ತವೆ. ಅಂಟದ ಹಾಗೆ ನೋಡಿಕೊಳ್ಳೋದು ಸರ್ಫ್ಯಾಕ್ಟೆಂಟ್ ಅನ್ನೋ ಜಿಡ್ಡಿನಂಥ ಪದಾರ್ಥ, ಸೋಪಿನ ಥರ ಕೆಲಸ ಮಾಡುತ್ತೆ. ಅದು ಸಾಕಷ್ಟು ತಯಾರಾಗೋದು ಗಬ್ಬದ ಕೊನೆಯ ವಾರಗಳಲ್ಲಿ. ನಮ್ಮ ಕರು ಪ್ರತಿ ಉಸಿರಿಗೂ ಅಂಟಿಕೊಂಡ ಗೂಡುಗಳನ್ನು ಮತ್ತೆ ಮತ್ತೆ ಬಿಡಿಸುತ್ತಿತ್ತು. ಸುಸ್ತಾಗಿ ಸತ್ತಿತು.

ಈ ಕೆಲಸ ಚುರುಕಾಗೋದು ಕರುವಿನದೇ ಕಾರ್ಟಿಸಾಲ್ ಹಾರ್ಮೋನಿನಿಂದ. ಹೆರಿಗೆ ಶುರುಮಾಡಿಸೋದೂ ಅದೇ. ನ್ಯೂಜಿಲೆಂಡಿನ ಲಿಗಿನ್ಸ್ ಅನ್ನೋ ವೈದ್ಯರು ಕುರಿಗಳಲ್ಲಿ ಇದನ್ನು ಪರೀಕ್ಷಿಸುವಾಗ, ಸ್ಟೀರಾಯ್ಡ್ ಪಡೆದ, ದಿನ ತುಂಬದ ಮರಿಗಳ ಶ್ವಾಸಕೋಶ ಅರಳಿದ್ದನ್ನು ಕಂಡು 1969ರಲ್ಲಿ ಬರೆದರು. ಮುಂದೆ ದಿನ ತುಂಬದ ಮಕ್ಕಳ ಜೀವ ಉಳಿಸಿದ್ದು ಇದೇ ದಾರಿ. ಹಾಗಂತ ಗಬ್ಬದ ಹಸುವಿಗೆ ಜ್ವರ, ಬಾವು ಅಂತ ಮೆಡಿಕಲ್ ಶಾಪಿನಿಂದ ಡೆಕ್ಸಾ ತಂದು ಚುಚ್ಚಬೇಡಿ. ಕೊನೆಯ ತಿಂಗಳುಗಳಲ್ಲಿ ಅದರಿಂದಲೇ ಕಂದು ಹಾಕಬಹುದು.

ಇನ್ನು ನಾವು ಮಾಡಿದ ತಪ್ಪು. ತಲೆಕೆಳಗೆ ನೇತಾಡಿಸಿದಾಗ ಸುರಿಯೋದರಲ್ಲಿ ಬಹುಪಾಲು ಹೊಟ್ಟೆಯ ನೀರು. ಕರುಳು, ಹೊಟ್ಟೆಯ ಭಾರವೆಲ್ಲಾ ವಪೆ ಮೇಲೆ ಬಿದ್ದು ಉಸಿರು ಇನ್ನೂ ಕಷ್ಟವಾಗುತ್ತೆ. ಶ್ವಾಸಕೋಶದ ನೀರನ್ನು ಹೆಚ್ಚಾಗಿ ಮೈಯೇ ಹೀರಿಕೊಳ್ಳುತ್ತೆ. ಮೂಗು ಬಾಯಿ ಒರೆಸಿ, ಕರುವನ್ನು ಎದೆಯ ಮೇಲೆ ನೇರವಾಗಿ ಕೂರಿಸಿ, ಒಣಹುಲ್ಲಿನ ಕಡ್ಡಿಯನ್ನು ಮೂಗಿನಲ್ಲಿ ಆಡಿಸಿ, ಗೋಣಿಚೀಲದಿಂದ ಮೈ ಜೋರಾಗಿ ಉಜ್ಜಿ. ಏದುಸಿರು ಬಿಡುವ ಕರುವಿನ ಬಾಯಿಗೆ ಗಿಣ್ಣುಹಾಲು ಬಲವಂತವಾಗಿ ಹೊಯ್ಯಬೇಡಿ, ಶ್ವಾಸಕೋಶಕ್ಕೇ ಇಳಿಯುತ್ತೆ. ಬೆಚ್ಚಗಿಟ್ಟು 1962ಕ್ಕೆ ಫೋನ್ ಮಾಡಿ.

ಸೆಮೆನ್ ಹಾಕಿಸಿದ ದಿನವೇ ಮೊಬೈಲಿನಲ್ಲಿ 280 ದಿನದ ರಿಮೈಂಡರ್ ಇಡಿ. ಜನವರಿ 1ಕ್ಕೆ ಹಾಕಿಸಿದ್ದರೆ ಅಕ್ಟೋಬರ್ 8ರ ಆಸುಪಾಸು. ನಾಟಿ ಹಸು ಇನ್ನೊಂದು ವಾರ ತಗೊಳ್ಳಬಹುದು, ಎಮ್ಮೆಗೆ ಹತ್ತು ತಿಂಗಳ ಮೇಲೆ. ಅದಕ್ಕಿಂತ ಬಹಳ ಮುಂಚೆ ಕರು ಬಿದ್ದರೆ ಬ್ರುಸೆಲ್ಲಾ ಇರಬಹುದು. ಅದು ಮನುಷ್ಯರಿಗೂ ಅಂಟುತ್ತೆ, ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಂದೇ ಸಲ ಹಾಕುವ ಲಸಿಕೆ ಇದೆ. ನಮ್ಮ ಹಸುವಿನ ರಕ್ತ ನಾನು ಪರೀಕ್ಷೆಗೆ ಕೊಟ್ಟದ್ದು ಕರು ಹೂತು ಹತ್ತು ದಿನ ಆದ ಮೇಲೆ.